ಹಳೇ ಕಾರಿಗೆ ಯಾವ ಪೆಟ್ರೋಲ್? ಬಂಕಿನ ನಂಬರ್ ಆಮೇಲೆ, ಮೊದಲು ಬಾನೆಟ್ ಎತ್ತಿ

"ನಾರ್ಮಲ್ಲಾ ಸಾರ್, ಪವರ್ ಹಾಕ್ಲಾ?"

ಬಂಕಿನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಬರುವ ಪ್ರಶ್ನೆ ಇದು. ಗಾಡಿ ಸ್ವಲ್ಪ ಹಳೇದು ಅಂತ ಕಂಡರೆ ಜೊತೆಗೆ ಸಲಹೆಯೂ ಬರುತ್ತದೆ. "ಹಳೇ ಇಂಜಿನ್ನು ಸಾರ್, ಪವರ್ರೇ ಹಾಕ್ಸಿ, ಒಳ್ಳೇದು." ನನ್ನ ಹತ್ತಿರ ಇರುವುದು ಅಪ್ಪ ತೆಗೆದುಕೊಂಡಿದ್ದ 1996ರ ಕಾರು. ಕಾರ್ಬರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಹಳೇ ಕಾಲದ ಸಾಧನ) ಇರುವ ಇಂಜಿನ್ನು, ಚಳಿಗಾಲದಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು. ಒಂದು ದಿನ ಅದು ರಗಳೆ ಶುರು ಮಾಡಿತು. ಸಿಗ್ನಲ್ ಬಿಟ್ಟಾಗ ಎತ್ತಿದರೆ ಮುಗ್ಗರಿಸುವುದು, ಮೈಲೇಜ್ ಬೀಳುವುದು, ಬೆಳಿಗ್ಗೆ ಶೆಡ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ನಾನೂ ಎಲ್ಲರ ಮಾತು ಕೇಳಿ ಆರು ತಿಂಗಳು ದುಬಾರಿ ಪೆಟ್ರೋಲ್ ಹಾಕಿಸಿದೆ. ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ. ಏನೂ ಬದಲಾಗಲಿಲ್ಲ.

ಕೊನೆಗೆ ಗ್ಯಾರೇಜಿನ ಭಾಯ್ ಬಾನೆಟ್ ಎತ್ತಿ, ಫ್ಯುಯೆಲ್ ಪಂಪಿನಿಂದ ಕಾರ್ಬರೇಟರಿಗೆ ಹೋಗುವ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರು. ಬೆಂದ ಶಾವಿಗೆ ಥರ ಮೆತ್ತಗಾಗಿತ್ತು. ತುದಿಯಲ್ಲಿ ಬಿರುಕು ಬಿಟ್ಟು ಪೆಟ್ರೋಲ್ ಜಿನುಗುತ್ತಿತ್ತು. "ಸಾರ್, ಪೈಪಿನ ದುಡ್ಡನ್ನ ನೀವು ಆಗಲೇ ಪೆಟ್ರೋಲಿಗೆ ಹಾಕಿಬಿಟ್ಟಿದ್ದೀರ" ಅಂದರು. ಬಿಸಿ ಇಂಜಿನ್ ಮೇಲೆ ಜಿನುಗುವ ಪೆಟ್ರೋಲು ಎಂದರೆ ಏನಾಗಬಹುದಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅವತ್ತಿನಿಂದ ಈ ವಿಷಯವನ್ನು ಸ್ವಲ್ಪ ಕೆದಕಿದ್ದೇನೆ. ನನಗೆ ಅರ್ಥವಾದದ್ದು ಇಷ್ಟು: ಹಳೇ ಕಾರಿನ ಪೆಟ್ರೋಲ್ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಆಕ್ಟೇನ್ ಎಷ್ಟಿರಬೇಕು ಅನ್ನುವುದು ಒಂದು. ಸೀಸ ಇಲ್ಲದ ಪೆಟ್ರೋಲಿನಿಂದ ತೊಂದರೆಯಾ ಅನ್ನುವುದು ಇನ್ನೊಂದು. ಪೆಟ್ರೋಲಿಗೆ ಬೆರೆಸುವ ಎಥನಾಲ್, ಅಂದರೆ ಕಬ್ಬು, ಜೋಳದಿಂದ ತೆಗೆಯುವ ಆಲ್ಕೋಹಾಲ್, ಮೂರನೆಯದು. ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಮೊದಲನೆಯದಕ್ಕೆ. ನಿಜವಾಗಿ ಕೈ ಕೊಡುವುದು ಮೂರನೆಯದು.

ಆಕ್ಟೇನ್ ಅಂದರೆ ಶಕ್ತಿ ಅಲ್ಲ

ಸೈಕಲ್ಲಿಗೆ ಗಾಳಿ ಹೊಡೆದಿದ್ದೀರಲ್ವಾ? ಹೊಡೆಯುತ್ತಾ ಹೋದ ಹಾಗೆ ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಅಷ್ಟೇ. ಇಂಜಿನ್ನಿನ ಸಿಲಿಂಡರಿನೊಳಗೂ ಇದೇ ನಡೆಯುತ್ತದೆ. ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಪಿಸ್ಟನ್ ಮೇಲೆ ಬರುತ್ತಾ ಒತ್ತುತ್ತದೆ, ಅದು ಬಿಸಿಯಾಗುತ್ತದೆ, ಸರಿಯಾದ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ, ಬೆಂಕಿ ಪ್ಲಗ್ಗಿನಿಂದ ಶುರುವಾಗಿ ಸಮನಾಗಿ ಹರಡಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಹೀಗೆ ನಡೆದರೆ ಎಲ್ಲಾ ಸರಿ. ಆದರೆ ಒತ್ತಡ, ಬಿಸಿ ಎರಡೂ ಮಿತಿ ಮೀರಿದರೆ, ಬೆಂಕಿ ಇನ್ನೂ ತಲುಪದ ಮೂಲೆಯ ಮಿಶ್ರಣ ತಾನಾಗೇ ಧಡಕ್ಕನೆ ಹೊತ್ತಿಕೊಳ್ಳುತ್ತದೆ. ಆಗ ಬರುವುದೇ ನಾಕಿಂಗ್ ಸದ್ದು. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗಿರುತ್ತದೆ. ಶಿರಾಡಿ ಘಾಟಿ ಹತ್ತುವಾಗ ಎರಡನೇ ಗೇರಿಗೆ ಇಳಿಸದೆ ಸೋಮಾರಿತನದಿಂದ ಮೂರರಲ್ಲೇ ಎಳೆದರೆ ಕೇಳಿಸುತ್ತದಲ್ಲ, ಅದೇ.

ಹೀಗೆ ತಾನಾಗೇ ಹೊತ್ತಿಕೊಳ್ಳದೆ ಪೆಟ್ರೋಲು ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್ ನಂಬರ್. ಐಸೋಆಕ್ಟೇನ್ ಎಂಬ ದ್ರವಕ್ಕೆ 100, ನಾರ್ಮಲ್ ಹೆಪ್ಟೇನ್ ಎಂಬುದಕ್ಕೆ 0 ಅಂತ ಇಟ್ಟುಕೊಂಡು ಹೋಲಿಸಿ ನೋಡುತ್ತಾರೆ. 91 ಅಂದರೆ ಆ ಎರಡನ್ನು 91ಕ್ಕೆ 9ರಂತೆ ಬೆರೆಸಿದಾಗ ಎಷ್ಟು ತಡೆಯುತ್ತದೋ ಅಷ್ಟು ಅಂತ. ಇದರಲ್ಲಿ ಶಕ್ತಿಯ ಮಾತೇ ಇಲ್ಲ. ಜಾಸ್ತಿ ನಂಬರಿನ ಪೆಟ್ರೋಲಿನ ಒಂದು ಲೀಟರಿನಲ್ಲಿ ಜಾಸ್ತಿ ಶಕ್ತಿ ತುಂಬಿಟ್ಟಿರುವುದಿಲ್ಲ. ಜೋರಾಗಿ ಒತ್ತುವ ಇಂಜಿನ್ನಿಗೆ ಅದು ಬೇಕು, ಮೆಲ್ಲಗೆ ಒತ್ತುವ ಇಂಜಿನ್ನಿಗೆ ಅದರಿಂದ ಏನೂ ಸಿಗುವುದಿಲ್ಲ.

ನಮ್ಮ ಹಳೇ ಕಾರುಗಳೆಲ್ಲ ಮೆಲ್ಲಗೆ ಒತ್ತುವವೇ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥವುಗಳ ಕಂಪ್ರೆಶನ್, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, ಏಳೆಂಟರ ಆಸುಪಾಸು. 1983ರಲ್ಲಿ ಬಂದ ಮಾರುತಿ 800 ಒಂಬತ್ತರ ಆಸುಪಾಸು. ಇವೆಲ್ಲ ತಯಾರಾದ ಕಾಲದಲ್ಲಿ ಬಂಕಿನಲ್ಲಿ ಸಿಗುತ್ತಿದ್ದ ಪೆಟ್ರೋಲಿನ ಆಕ್ಟೇನ್ ಈಗಿನದಕ್ಕಿಂತ ಕಡಿಮೆಯೇ ಇತ್ತು. ಇನ್ನೊಂದು ವಿಷಯ, ಎಥನಾಲಿನ ಆಕ್ಟೇನ್ ನಂಬರ್ 100ಕ್ಕಿಂತ ಮೇಲೆ. ಅದನ್ನು ಬೆರೆಸಿದರೆ ಪೆಟ್ರೋಲಿನ ನಂಬರ್ ತಾನಾಗೇ ಏರುತ್ತದೆ. ಮೊದಲು 91 ಇದ್ದ ಮಾಮೂಲಿ ಪೆಟ್ರೋಲು ಈಗ ಶೇ. 20 ಎಥನಾಲ್ ಸೇರಿ 95 ಆಗಿದೆ ಅಂತ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಅಂದ ಮೇಲೆ ಹಳೇ ಕಾರಿಗೆ 95ರ ಹೆಸರಿನ ಪ್ರೀಮಿಯಂ ಪೆಟ್ರೋಲಿಗೆ ಜಾಸ್ತಿ ದುಡ್ಡು ಕೊಡುವುದು ಯಾಕೆ? ಅದರಲ್ಲಿ ಕೊಳೆ ತೊಳೆಯುವ ಆಡಿಟಿವ್ ಸ್ವಲ್ಪ ಇರುತ್ತದೆ, ಆ ಮಟ್ಟಿಗೆ ಪ್ರಯೋಜನ. ವರ್ಷಕ್ಕೆ ಒಂದೆರಡು ಟ್ಯಾಂಕ್ ಹಾಕಿಸಿದರೆ ತಪ್ಪೇನಿಲ್ಲ. ಪ್ರತಿ ಸಲ ಹಾಕಿಸುವುದು ಸುಮ್ನೆ ಖರ್ಚು.

ಹಾಗಿದ್ದರೂ ನಿಮ್ಮ ಹಳೇ ಕಾರು ನಾಕ್ ಆಗುತ್ತಿದೆಯಾ? ಹಾಗಾದರೆ ತಪ್ಪು ಬೇರೆ ಕಡೆ ಇದೆ. ವರ್ಷಗಟ್ಟಲೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ, ಅಂದರೆ ಹೆಡ್ಡಿನಲ್ಲಿ, ಕಾರ್ಬನ್ ಕಟ್ಟಿಕೊಂಡು ಒಳಗಿನ ಜಾಗ ಕಡಿಮೆಯಾಗಿರಬಹುದು, ಆಗ ಕಂಪ್ರೆಶನ್ ಏರುತ್ತದೆ. ಕಿಡಿ ಕೊಡುವ ಟೈಮಿಂಗ್ ತುಂಬಾ ಮುಂದೆ, ಅಂದರೆ ಬೇಗ, ಇಟ್ಟಿರಬಹುದು. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ ಬೀಳುತ್ತಿರಬಹುದು. ಕೂಲಿಂಗ್ ಕೆಟ್ಟಿರಬಹುದು. ಇವನ್ನೆಲ್ಲ ಬಿಟ್ಟು ಪೆಟ್ರೋಲ್ ಬದಲಾಯಿಸಿದರೆ ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿ ಮಾತ್ರೆ ಮರೆತ ಹಾಗೆ.

ಬೆಂಗಳೂರಿನವರು ಗಮನಿಸಬೇಕಾದ ಒಂದು ತಮಾಷೆ ಇದೆ. ನಮ್ಮೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಸಿಲಿಂಡರಿಗೆ ಬರುವ ಗಾಳಿಯೇ ಕಡಿಮೆ, ಹಾಗಾಗಿ ಒತ್ತಡವೂ ಕಡಿಮೆ. ಇಲ್ಲಿ ಟ್ಯೂನಿಂಗ್ ಮಾಡಿಸಿ, ನಾಕ್ ಬರದಷ್ಟು ಟೈಮಿಂಗ್ ಮುಂದೆ ಇಟ್ಟುಕೊಂಡು ಹಳೇ ಕಾರ್ಬರೇಟರ್ ಕಾರನ್ನು ಮಂಗಳೂರಿಗೆ ಓಡಿಸಿದರೆ, ಘಾಟಿ ಇಳಿದ ಮೇಲೆ ಬಂಟ್ವಾಳದ ಸೆಕೆಯಲ್ಲಿ ಗೋಲಿ ಸದ್ದು ಶುರುವಾಗಬಹುದು. ಆಗ "ಆ ಊರಿನ ಪೆಟ್ರೋಲ್ ಸರಿಯಿಲ್ಲ" ಅಂತ ಬಂಕಿನವರನ್ನು ಬೈಯುತ್ತೇವೆ!

ಸೀಸದ ಭಯ

ಅಜ್ಜಂದಿರ ಕಾಲದ ಕಾರು ಇಟ್ಟುಕೊಂಡವರು ಈಗಲೂ ಕೇಳುತ್ತಾರೆ, ಸೀಸ ಇಲ್ಲದ ಪೆಟ್ರೋಲು ವಾಲ್ವ್ ತಿನ್ನುತ್ತದಂತೆ ಹೌದಾ ಅಂತ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬಾತ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಅಂತ ಕಂಡುಹಿಡಿದ. ಮುಂದೆ ಜಗತ್ತೆಲ್ಲ ಆ ವಿಷವನ್ನು ಉಸಿರಾಡಿತು. ಆ ಸೀಸಕ್ಕೆ ಇನ್ನೊಂದು ಗುಣವಿತ್ತು, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟಿನ ಮೇಲೆ ತೆಳ್ಳಗೆ ಪದರ ಕಟ್ಟಿ ಸವೆತ ತಡೆಯುತ್ತಿತ್ತು. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸವಿಲ್ಲದ ಪೆಟ್ರೋಲ್ ಶುರುವಾಯಿತು, 2000ದ ಫೆಬ್ರವರಿಯಿಂದ ಇಡೀ ದೇಶದಲ್ಲಿ ಸೀಸ ನಿಂತೇ ಹೋಯಿತು.

ಹೆಡ್ ಅಲ್ಯುಮಿನಿಯಮ್ಮಿನದಾದರೆ ಸೀಟನ್ನು ಬೇರೆ ಗಟ್ಟಿ ಲೋಹದಲ್ಲಿ ಮಾಡಿ ಕೂರಿಸಿರುತ್ತಾರೆ, ಭಯ ಕಡಿಮೆ. ಎರಕದ ಕಬ್ಬಿಣದ ಹೆಡ್ಡಿನಲ್ಲೇ ಸೀಟು ಕಡೆದಿರುವ ಹಳೇ ಅಂಬಾಸಡರ್‌ನಂಥ ಇಂಜಿನ್ನಿನಲ್ಲಿ ಮಾತ್ರ ನಿಗಾ ಬೇಕು. ಗುರುತು ಸುಲಭ. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಸರಿ ಮಾಡಿಸಿ ಸ್ವಲ್ಪ ದಿನಕ್ಕೇ ಮತ್ತೆ ಮತ್ತೆ ಬಿಗಿಯಾಗುತ್ತಿದ್ದರೆ ಸೀಟು ಸವೆದು ವಾಲ್ವ್ ಒಳಕ್ಕೆ ಹೋಗುತ್ತಿದೆ ಅಂತ. ಆಗ ಹೆಡ್ ಬಿಚ್ಚಿ ಗಟ್ಟಿ ಸೀಟು ಹಾಕಿಸುವುದೇ ಸರಿ. ಇಪ್ಪತ್ತೈದು ವರ್ಷ ಸೀಸವಿಲ್ಲದೆ ಓಡಿದ ಗಾಡಿಗೆ ಈಗ ಹೊಸದಾಗಿ ಸೀಸದ ಬದಲಿ ಎಂದು ಮಾರುವ ಬಾಟಲಿ ತಂದು ಸುರಿಯುವುದು ನನಗೇನೋ ಅರ್ಥವಾಗದ ಭಕ್ತಿ.

ಈಗ ಅಸಲು ವಿಷಯ, ಎಥನಾಲ್

2023ರ ಫೆಬ್ರವರಿ 6ರಂದು ಇ20 ಪೆಟ್ರೋಲ್ ಬಿಡುಗಡೆಯಾದದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಇ20 ಅಂದರೆ ನೂರು ಲೀಟರಿನಲ್ಲಿ 20 ಲೀಟರ್ ಎಥನಾಲ್. ಅದಕ್ಕೂ ಮೊದಲೇ, 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಶೇ. 10ಕ್ಕೆ ಬಂದಿತ್ತು. 2014ರಲ್ಲಿ ಅದು ಶೇ. 2 ಕೂಡ ಇರಲಿಲ್ಲ. 2030ಕ್ಕೆ ಅಂತ ಇಟ್ಟುಕೊಂಡಿದ್ದ ಶೇ. 20ರ ಗುರಿಯನ್ನು ಐದು ವರ್ಷ ಮೊದಲಿಗೇ ಎಳೆದು ತಂದರು, 2025ರಲ್ಲಿ ಮುಟ್ಟಿಯೂ ಬಿಟ್ಟರು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು, ಜೊತೆಗೆ ಮೆಕ್ಕೆಜೋಳ, ಅಕ್ಕಿ ಎಲ್ಲಾ ಸೇರಿ ನಮ್ಮ ಟ್ಯಾಂಕಿಗೆ ಬರುತ್ತಿದೆ. ರೈತರಿಗೆ, ದೇಶದ ತೈಲ ಬಿಲ್ಲಿಗೆ ಇದರಿಂದ ಒಳ್ಳೇದು ಅನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಮಾತು 1996ರ ರಬ್ಬರ್ ಪೈಪಿನ ಬಗ್ಗೆ ಮಾತ್ರ.

ಮೊದಲು ಮೈಲೇಜ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ, ಒಂದು ಲೀಟರ್ ಎಥನಾಲಿನಲ್ಲಿ ಸುಮಾರು 21. ಅಂದರೆ ಮೂರರಲ್ಲಿ ಒಂದು ಭಾಗ ಕಡಿಮೆ. ಟ್ಯಾಂಕಿನ ಐದರಲ್ಲಿ ಒಂದು ಪಾಲು ಎಥನಾಲ್ ಆದರೆ ಒಟ್ಟು ಶಕ್ತಿ ನೂರಕ್ಕೆ ಏಳರಷ್ಟು ಇಳಿಯುತ್ತದೆ. ಲೀಟರಿಗೆ 15 ಕೊಡುತ್ತಿದ್ದ ಕಾರು 14 ಕೊಡುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೂ, ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯುತ್ತದೆ ಎಂಬ ಅಂದಾಜೇ ಇದೆ. ನಿಮ್ಮ ಕಾರಿನ ಮೈಲೇಜ್ ಹದಿನೈದರಿಂದ ಹತ್ತಕ್ಕೆ ಇಳಿದಿದೆಯಾ? ಹಾಗಿದ್ದರೆ ಎಥನಾಲಿನ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ, ಬೇರೇನೋ ಕೆಟ್ಟಿದೆ.

ಮುಗ್ಗರಿಸುವುದಕ್ಕೆ ಕಾರಣ ಬೇರೆ. ಎಥನಾಲಿನೊಳಗೆ ಆಮ್ಲಜನಕ ಮೊದಲೇ ಇದೆ. ಹಾಗಾಗಿ ಉರಿಯಲು ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಒಂಬತ್ತು ಕಿಲೋ ಸಾಕು, ಇ20ಗೆ ಹದಿಮೂರೂವರೆಯ ಆಸುಪಾಸು. 2000ದ ನಂತರದ ಇಂಜೆಕ್ಷನ್ ಕಾರಾದರೆ ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಗಾಳಿ ಜಾಸ್ತಿ ಉಳಿಯುತ್ತಿದೆ ಅಂತ ಕಂಪ್ಯೂಟರಿಗೆ ಹೇಳುತ್ತದೆ, ಅದು ಪೆಟ್ರೋಲ್ ಸ್ವಲ್ಪ ಜಾಸ್ತಿ ಚಿಮ್ಮಿಸಿ ಸರಿಮಾಡಿಕೊಳ್ಳುತ್ತದೆ. ಕಾರ್ಬರೇಟರಿಗೆ ಇಂಥ ತಲೆ ಇಲ್ಲ. ಪೆಟ್ರೋಲ್ ಹರಿದುಬರುವ ಸಣ್ಣ ಬಿಡಿಭಾಗವಾದ ಜೆಟ್ಟಿನ ತೂತು ಎಷ್ಟು ದೊಡ್ಡದೋ ಅಷ್ಟೇ ಬಿಡುತ್ತದೆ, ಒಳಗೆ ಹರಿಯುತ್ತಿರುವುದು ಏನು ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಇ20 ಹಾಕಿದ ಕಾರ್ಬರೇಟರ್ ಕಾರಿನಲ್ಲಿ ಮಿಶ್ರಣ ಬಡವಾಗುತ್ತದೆ, ಮೆಕ್ಯಾನಿಕ್ಕುಗಳ ಮಾತಲ್ಲಿ 'ಲೀನ್'. ತಣ್ಣಗಿದ್ದಾಗ ಎದ್ದು ನಿಲ್ಲುವುದಿಲ್ಲ, ಎತ್ತಿದಾಗ ಮುಗ್ಗರಿಸುತ್ತದೆ, ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ಬೆಳ್ಳಗೆ ಸುಣ್ಣ ಬಳಿದ ಹಾಗಿದ್ದರೆ ಲೀನ್.

ಪರಿಹಾರ ದೊಡ್ಡದೇನಲ್ಲ. ಮೇನ್ ಜೆಟ್ಟನ್ನು ಒಂದೆರಡು ಸೈಜ್ ದೊಡ್ಡದು ಹಾಕಿಸಬೇಕು, ಐಡ್ಲಿಂಗ್ ಸ್ಕ್ರೂ ಸರಿಮಾಡಿಸಬೇಕು. ಬಹಳಷ್ಟು ಕಾರ್ಬರೇಟರುಗಳಲ್ಲಿ ಜೆಟ್ಟಿನ ಮೇಲಿನ ನಂಬರ್ ತೂತಿನ ಅಗಲವೇ ಆಗಿರುತ್ತದೆ, 100 ಅಂದರೆ ಒಂದು ಮಿಲಿಮೀಟರ್. ಏಳು ಪರ್ಸೆಂಟ್ ಜಾಸ್ತಿ ಹರಿಯಬೇಕಾದರೆ ತೂತಿನ ಅಗಲ ಮೂರೂವರೆ ಪರ್ಸೆಂಟ್ ಹೆಚ್ಚಿದರೆ ಸಾಕು, ಯಾಕೆಂದರೆ ಹರಿಯುವ ಪ್ರಮಾಣ ತೂತಿನ ವಿಸ್ತೀರ್ಣದ ಲೆಕ್ಕದಲ್ಲಿ ಏರುತ್ತದೆ. ಅಂದರೆ 100 ಇದ್ದ ಕಡೆ 102 ಅಥವಾ 105. ಕೆಲವರು ತಂತಿ ತುರುಕಿ ತೂತು ದೊಡ್ಡದು ಮಾಡುತ್ತಾರೆ. ದಯವಿಟ್ಟು ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಅಲೆದರೆ ಜೆಟ್ ಸಿಗುತ್ತದೆ, ಅಲೆದಾಟದಲ್ಲಿ ನೀವು ಹುಡುಕದೇ ಇದ್ದ ಇನ್ನೂ ನಾಲ್ಕು ಸಾಮಾನೂ ಸಿಗುತ್ತವೆ.

ರಬ್ಬರು, ನೀರು, ಕೊಳೆ

ಹಳೇ ಕಾರಿನ ಪೆಟ್ರೋಲ್ ದಾರಿಯಲ್ಲಿ ಎಷ್ಟು ರಬ್ಬರ್ ಇದೆ ಅಂತ ಬಿಚ್ಚಿದಾಗಲೇ ಗೊತ್ತಾಗುವುದು. ಟ್ಯಾಂಕಿನಿಂದ ಬರುವ ಪೈಪು, ಪಂಪಿನೊಳಗಿನ ಡಯಾಫ್ರಾಮ್, ಕಾರ್ಬರೇಟರಿನೊಳಗೆ ನೀಡಲ್ ವಾಲ್ವಿನ ತುದಿ, ಸಣ್ಣ ಸಣ್ಣ ಒ-ರಿಂಗುಗಳು, ಕೆಲವದರಲ್ಲಿ ಕಾರ್ಕ್ ಗ್ಯಾಸ್ಕೆಟ್. ಅವತ್ತಿನ ರಬ್ಬರನ್ನು ಮಾಡಿದ್ದು ಅವತ್ತಿನ ಪೆಟ್ರೋಲಿಗೆ. ಎಥನಾಲ್ ಬಿದ್ದರೆ ಕೆಲವು ರಬ್ಬರುಗಳು ಊದಿಕೊಳ್ಳುತ್ತವೆ, ಕೆಲವು ಮೆತ್ತಗಾಗುತ್ತವೆ, ಗಾಡಿ ನಿಂತು ಒಣಗಿದಾಗ ಬಿರುಕು ಬಿಡುತ್ತವೆ. ಇದು ಬರೀ ನಮ್ಮಂಥವರ ಗೊಣಗಾಟ ಅಲ್ಲ. 2025ರ ಆಗಸ್ಟ್‌ನಲ್ಲಿ ಸಚಿವಾಲಯ ಕೊಟ್ಟ ಸ್ಪಷ್ಟನೆಯಲ್ಲೇ, ಕೆಲವು ಹಳೇ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಎಂದಿದೆ. ಖರ್ಚು ಕಡಿಮೆ, ಮಾಮೂಲಿ ಸರ್ವಿಸಿನಲ್ಲೇ ಆಗುತ್ತದೆ ಅಂತಲೂ ಸೇರಿಸಿದ್ದಾರೆ. ಪಾರ್ಟ್ಸ್ ಸಿಗುವ ಕಾರಿಗೆ ಅದು ನಿಜ. ಮೂವತ್ತು ವರ್ಷದ ಕಾರಿಗೆ ಡಯಾಫ್ರಾಮ್ ಹುಡುಕಿದವರಿಗೆ ಮಾತ್ರ ನಗು ಬರುತ್ತದೆ.

ಹೊಸ ಪೈಪ್ ತೆಗೆದುಕೊಳ್ಳುವಾಗ ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ್ದನ್ನು ತರಬೇಡಿ. ನೋಡಲು ಎಲ್ಲಾ ಕಪ್ಪಗೇ ಇರುತ್ತವೆ. ಪೈಪಿನ ಮೈಮೇಲೆ ಅಚ್ಚು ಹಾಕಿರುವುದನ್ನು ಓದಿ. ಎಸ್‌ಎಇ ಜೆ30 ಆರ್9 ಎಂದಿದ್ದರೆ ಒಳಪದರ ವಿಟಾನ್ ಥರದ ರಬ್ಬರಿನದು, ಎಥನಾಲಿಗೆ ತಡೆಯುತ್ತದೆ. ಆರ್6, ಆರ್7 ಎಂದಿದ್ದರೆ ಹಳೇ ಜಾತಿ. ಕ್ಲಿಪ್ಪುಗಳನ್ನೂ ಹೊಸದು ಹಾಕಿಸಿ.

ನೀರಿನ ಕಥೆ ಇನ್ನೊಂದು ಥರ. ಬರೀ ಪೆಟ್ರೋಲು ನೀರಿನ ಜೊತೆ ಸೇರುವುದೇ ಇಲ್ಲ. ಎಥನಾಲ್ ಹಾಗಲ್ಲ, ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ತೊಂದರೆ ಇಲ್ಲ, ಮಿಶ್ರಣದಲ್ಲಿ ಕರಗಿ ಇಂಜಿನ್ನಿಗೆ ಹೋಗಿ ಆವಿಯಾಗುತ್ತದೆ. ಮಿತಿ ಮೀರಿದರೆ ಮಾತ್ರ ಎಥನಾಲ್ ಮತ್ತು ನೀರು ಪೆಟ್ರೋಲಿಗೆ ಕೈ ಕೊಟ್ಟು, ಎರಡೂ ಜೊತೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ! ತೀರ್ಥಹಳ್ಳಿಯಲ್ಲೋ ಸಕಲೇಶಪುರದಲ್ಲೋ ಜೂನಿನಿಂದ ಸೆಪ್ಟೆಂಬರ್ ತನಕ ಶೆಡ್ಡಿನಲ್ಲಿ ನಿಂತ ಕಾರು, ದಸರೆಗೆ ಆಯುಧಪೂಜೆ ಮಾಡಿ ಕೀಲಿ ತಿರುಗಿಸಿದರೆ ಏಳದಿರುವುದಕ್ಕೆ ಇದೂ ಒಂದು ಕಾರಣ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಉಳಿದ ಅರ್ಧ ತೇವದ ಗಾಳಿ. ಹಾಗಾಗಿ ಎರಡು ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಾದರೆ ಒಂದೋ ಟ್ಯಾಂಕ್ ತುಂಬಿಸಿ ಮುಚ್ಚಳದ ವಾಷರ್ ಸರಿ ಇದೆಯಾ ನೋಡಿ, ಇಲ್ಲಾ ಟ್ಯಾಂಕನ್ನೂ ಕಾರ್ಬರೇಟರ್ ಬೌಲನ್ನೂ ಪೂರ್ತಿ ಖಾಲಿ ಮಾಡಿ. ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಬ್ಯಾಟರಿಗೆ ಕೂಡ ಲಾಭ ಇಲ್ಲ. ಹತ್ತು ಕಿಲೋಮೀಟರ್ ಓಡಿಸಿ ಬನ್ನಿ.

ಕೊಳೆಯ ವಿಷಯ ಸಣ್ಣದು, ಆದರೆ ರಸ್ತೆ ಮಧ್ಯೆ ನಿಲ್ಲಿಸುವುದು ಇದೇ. ಹಳೇ ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟು, ತುಕ್ಕು ಹಿಡಿದಿರುತ್ತದೆ. ಎಥನಾಲ್ ಅದನ್ನು ಎಬ್ಬಿಸುತ್ತದೆ. ಬಹಳ ದಿನ ನಿಂತಿದ್ದ ಕಾರಿಗೆ ಇ20 ಹಾಕಿದ ಮೇಲೆ ಮೊದಲ ಎರಡು ಟ್ಯಾಂಕ್ ಮುಗಿಯುವಷ್ಟರಲ್ಲಿ ಫಿಲ್ಟರ್ ಬದಲಾಯಿಸಿ. ಪಾರದರ್ಶಕ ಫಿಲ್ಟರ್ ಹಾಕಿಸಿದರೆ ಒಳಗೇನು ಬಂದು ಕೂತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಪಂಪು ಇಂಜಿನ್ನಿಗೇ ಅಂಟಿಕೊಂಡಿರುವ ಕಾರುಗಳಲ್ಲಿ ಪೈಪಿನೊಳಗೇ ಪೆಟ್ರೋಲು ಕುದಿದು ಆವಿಯಾಗಿ, ಪಂಪಿಗೆ ಎಳೆಯಲು ದ್ರವವೇ ಸಿಗುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದ ಪದ್ಮಿನಿ ಡ್ರೈವರುಗಳನ್ನು ಹಳಬರು ನೋಡಿರುತ್ತಾರೆ. ಎಥನಾಲ್ ಬೆರೆತರೆ ಈ ಚಾಳಿ ಸ್ವಲ್ಪ ಹೆಚ್ಚಬಹುದು. ಪೈಪನ್ನು ಎಕ್ಸಾಸ್ಟಿನಿಂದ ದೂರ ಹಾಯಿಸಿ, ಶಾಖ ತಡೆಯುವ ಹೊದಿಕೆ ಹಾಕಿಸಿದರೆ ಬಹುಪಾಲು ಸರಿಹೋಗುತ್ತದೆ.

ಹಾಗಾದರೆ ಎಥನಾಲ್ ಇಲ್ಲದ ಪೆಟ್ರೋಲ್ ಸಿಗಲ್ವಾ?

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಇ10 ತಂದಾಗ ಹಳೇ ಕಾರಿನವರಿಗಾಗಿ ದುಬಾರಿ ಸೂಪರ್ ಪೆಟ್ರೋಲನ್ನು ಇ5 ಆಗಿಯೇ ಉಳಿಸಿದರು. ನಮ್ಮಲ್ಲಿ ಹಾಗೆ ಬಿಡಲಿಲ್ಲ. ಎಥನಾಲ್ ಇಲ್ಲದ್ದನ್ನೂ ಆಯ್ಕೆಯಾಗಿ ಕೊಡಿ ಅಂತ ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಪ್ರೀಮಿಯಂ ಎಂದು ಬರೆದ ಮಾತ್ರಕ್ಕೆ ಎಥನಾಲ್ ಇಲ್ಲ ಅಂತಲ್ಲ, 95ರ ಪ್ರೀಮಿಯಂಗಳಲ್ಲೂ ಇರುತ್ತದೆ. 100 ಆಕ್ಟೇನಿನದರಲ್ಲಿ ಎಥನಾಲ್ ಇರುವುದಿಲ್ಲ ಎಂದೇ ಹಳೇ ಗಾಡಿಯವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಬೆಲೆ ಬಹಳ ಜಾಸ್ತಿ, ಸಿಗುವುದೂ ದೊಡ್ಡ ಊರಿನ ಕೆಲವೇ ಬಂಕುಗಳಲ್ಲಿ. ದಿನಾ ಓಡಿಸುವವರಿಗೆ ಆಗದ ಮಾತು. ಭಾನುವಾರ ಮಾತ್ರ ಹೊರಗೆ ತೆಗೆಯುವ ಅಂಬಾಸಡರಿಗೆ, ಮಳೆಗಾಲಕ್ಕೆ ಮೊದಲು ಕೊನೆಯ ಟ್ಯಾಂಕ್ ಇದನ್ನೇ ಹಾಕಿ ನಿಲ್ಲಿಸುವುದು ಬುದ್ಧಿವಂತಿಕೆ. ಇಲ್ಲಿ ನಾವು ದುಡ್ಡು ಕೊಡುತ್ತಿರುವುದು ನೂರರ ನಂಬರಿಗಲ್ಲ, ಎಥನಾಲ್ ಇಲ್ಲದಿರುವುದಕ್ಕೆ. ಬಂಕಿನವರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಹಾಕಿಸಿ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಅಳೆಯಬಹುದು. 100 ಮಿಲಿಯ ಗೆರೆ ಹಾಕಿದ ಗಾಜಿನ ಅಳತೆ ಕೊಳವೆ ತನ್ನಿ. 10 ಮಿಲಿ ನೀರು ಹಾಕಿ, 90 ಮಿಲಿ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲೆಲ್ಲ ನೀರಿನ ಜೊತೆ ಕೆಳಗೆ ಬರುತ್ತದೆ. ಕೆಳಗಿನ ಪದರ ಹತ್ತರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಬಂದರೆ ನಿಮ್ಮ ಹತ್ತಿರ ಇರುವುದು ಇ20. ಬಯಲಲ್ಲಿ ಮಾಡಿ, ಹತ್ತಿರ ಬೀಡಿ, ಒಲೆ, ಮೊಬೈಲ್ ಚಾರ್ಜರ್ ಏನೂ ಇರಬಾರದು. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಅಮೆರಿಕದಲ್ಲಿರುವ ನೆಂಟರು ಒಮ್ಮೆ ಫೋನ್ ಮಾಡಿ, "ಇಲ್ಲಿ ಬರೀ 87 ಸಿಗುತ್ತೆ ಕಣೋ, ನಿಮ್ಮೂರ 91ಕ್ಕಿಂತ ಕಳಪೆ" ಅಂದರು. ಅವರದು ಬೇರೆ ಲೆಕ್ಕ. ಅಲ್ಲಿ ಎರಡು ವಿಧದ ಪರೀಕ್ಷೆಯ ಸರಾಸರಿಯನ್ನು ಬರೆಯುತ್ತಾರೆ. ಅಲ್ಲಿನ 87 ಅಂದರೆ ಇಲ್ಲಿನ 91, 92ಕ್ಕೆ ಸಮ.

ಬಂಕಿನಲ್ಲಿ ನಿಮ್ಮ ಹಕ್ಕು ಒಂದಿದೆ, ಜನ ಕೇಳುವುದೇ ಇಲ್ಲ. ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿ ತೋರಿಸಿ ಅನ್ನಬಹುದು. ನಾಝಲ್ಲಿನ ತುದಿ ಒರೆಸಿ ಪೇಪರಿನ ಮೇಲೆ ಒಂದು ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಎಣ್ಣೆ ಜಿಡ್ಡಿನಂಥ ಕಲೆ ಉಳಿದರೆ ಕಲಬೆರಕೆಯ ಅನುಮಾನ. ಡೆನ್ಸಿಟಿಯನ್ನೂ, ಅಂದರೆ ಒಂದು ಘನ ಮೀಟರ್ ಪೆಟ್ರೋಲ್ ಎಷ್ಟು ಕಿಲೋ ತೂಗುತ್ತದೆ ಅನ್ನುವುದನ್ನೂ, ಕೇಳಿ ನೋಡಬಹುದು, ಅವರ ದಾಖಲೆಯಲ್ಲಿರುವುದಕ್ಕೂ ಅಳೆದದ್ದಕ್ಕೂ ಮೂರು ಕಿಲೋಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಸೀಮೆಎಣ್ಣೆ ಬೆರೆತ ಪೆಟ್ರೋಲ್ ಹಳೇ ಇಂಜಿನ್ನಿಗೆ ಎಥನಾಲಿಗಿಂತ ಎಷ್ಟೋ ಕೆಟ್ಟದ್ದು, ಅದರಿಂದ ನಾಕಿಂಗೂ ಬರುತ್ತದೆ.

ನಿಮ್ಮ ಕಾರು 2023ರ ಏಪ್ರಿಲ್ ನಂತರದ್ದಾದರೆ ಇದನ್ನೆಲ್ಲ ಓದಿ ಸಮಯ ಹಾಳು ಮಾಡಿಕೊಂಡಿರಿ, ಅದರ ಪೈಪು, ರಬ್ಬರುಗಳನ್ನು ಇ20ಗೆ ತಡೆಯುವಂತೆಯೇ ಮಾಡಿರುತ್ತಾರೆ. 2000ದಿಂದ ಆಚೆಗಿನ ಇಂಜೆಕ್ಷನ್ ಕಾರಾದರೆ ಪೈಪ್ ಮತ್ತು ಫಿಲ್ಟರ್ ನೋಡಿಸಿ, ಇಂಜಿನ್ ಲೈಟ್ ಹತ್ತಿದರೆ ಅಸಡ್ಡೆ ಮಾಡಬೇಡಿ, ಅಷ್ಟು ಸಾಕು. ಆಮದು ಮಾಡಿದ ಅಥವಾ ಕಂಪ್ರೆಶನ್ ಹತ್ತು ದಾಟಿದ ಇಂಜಿನ್ನಾದರೆ ಮ್ಯಾನ್ಯುಯಲ್ಲಿನಲ್ಲಿ ಬರೆದ ನಂಬರನ್ನೇ ಹಾಕಿಸಿ, ಅಲ್ಲಿ ಆಕ್ಟೇನ್ ನಿಜಕ್ಕೂ ಬೇಕು. ಕಾರ್ಬರೇಟರ್ ಕಾರಾದರೆ ಮಾಮೂಲಿ ಪೆಟ್ರೋಲು, ಹೊಸ ಪೈಪು, ಪಂಪ್ ಡಯಾಫ್ರಾಮ್, ಸ್ವಲ್ಪ ದೊಡ್ಡ ಜೆಟ್ಟು. ಡಿಕ್ಕಿಯಲ್ಲಿ ಒಂದು ಸಣ್ಣ ಬೆಂಕಿ ನಂದಿಸುವ ಸಿಲಿಂಡರ್ ಕೂಡ ಇರಲಿ.

ನನ್ನ ಕಾರಿಗೆ ಇಷ್ಟೂ ಮಾಡಿಸಿದೆ. ಶೆಡ್ಡಿನಲ್ಲಿ ವಾಸನೆ ಇಲ್ಲ, ಸಿಗ್ನಲ್ಲಿನಲ್ಲಿ ಮುಗ್ಗರಿಸುವುದಿಲ್ಲ. ಮೈಲೇಜ್ ಮಾತ್ರ ಹದಿನಾಲ್ಕು ದಾಟಲಿಲ್ಲ, ಅಪ್ಪನ ಕಾಲದಲ್ಲಿ ಹದಿನೈದು ಕೊಡುತ್ತಿತ್ತು. ಆ ಒಂದು ಕಿಲೋಮೀಟರ್ ಕಬ್ಬಿನ ಲೆಕ್ಕಕ್ಕೆ ಹೋಯಿತು. ಮೊನ್ನೆ ಬಂಕಿನ ಹುಡುಗ ಮತ್ತೆ ಕೇಳಿದ, "ಪವರ್ ಹಾಕ್ಲಾ ಸಾರ್, ಹಳೇ ಗಾಡಿ?" ನಾರ್ಮಲ್ಲೇ ಹಾಕಪ್ಪಾ ಅಂದೆ. ಅವನಿಗೆ ನನ್ನ ಮೇಲೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು.